ಜಲಪಾತವೂ ಹಳದಿ ಪಿನ್ನೂ

ನಮ್ಮ ಮನೆಯ ಹಳೆಯ ಟೀವಿಯನ್ನು ಗುಜರಿಯವನಿಗೆ ಕೊಟ್ಟುಬಿಡುವುದೆಂದು ತೀರ್ಮಾನವಾದ ದಿನವೇ ಬೆಂಗಳೂರಿನಿಂದ ಸೋದರಳಿಯನ ಫೋನು ಬಂತು. "ಮಾವ, ಆ ಡಬ್ಬಾ ಟೀವಿ ಇನ್ನೂ ಇದೆಯಾ? ಇದ್ದರೆ ಯಾರಿಗೂ ಕೊಡಬೇಡಿ. ಶನಿವಾರ ನಾನೇ ಬರ್ತೇನೆ" ಎಂದ. 1994ರಲ್ಲಿ ಸೊಸೈಟಿಯಲ್ಲಿ ಸಾಲ ಮಾಡಿ ಸಾಗರದ ಪೇಟೆಯಿಂದ ತಂದ ಬಣ್ಣದ ಟೀವಿ ಅದು. ಗೋಡೆಗೆ ನೇತುಹಾಕುವ ಟೀವಿ ಬಂದ ಮೇಲೆ ಹಿಂದಿನ ಕೋಣೆಯ ಅಡಿಕೆ ಚೀಲಗಳ ನಡುವೆ ಅದಕ್ಕೆ ಜಾಗ ಸಿಕ್ಕಿತ್ತು. ಬೇಸಿಗೆಯಲ್ಲಿ ನನ್ನ ಹೆಂಡತಿ ಅದರ ಅಗಲವಾದ ಬೆನ್ನಿನ ಮೇಲೆ ಹಪ್ಪಳದ ತಟ್ಟೆ ಇಡುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಉಪಯೋಗ ಅದರಿಂದ ಇರಲಿಲ್ಲ.

ಈ ಅಳಿಯ ಈಗ ನಲವತ್ತರ ಗೃಹಸ್ಥ. ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಚಿಕ್ಕವನಿದ್ದಾಗ ಪ್ರತಿ ಬೇಸಿಗೆ ರಜೆಗೂ ನಮ್ಮಲ್ಲಿಗೆ ಬರುತ್ತಿದ್ದ. ಬರುವಾಗ ಚೀಲದಲ್ಲಿ ಒಂದು 'ಟೀವಿ ಗೇಮ್' ಇರುತ್ತಿತ್ತು. ಹೆಸರಿಲ್ಲದ ಒಂದು ನಕಲಿ ಯಂತ್ರ, ಎರಡು ಕೈಹಿಡಿ, ಒಂದು ಪ್ಲಾಸ್ಟಿಕ್ ಬಂದೂಕು, 9999 ಆಟಗಳಿವೆಯೆಂದು ಸುಳ್ಳು ಹೇಳುವ ಕ್ಯಾಸೆಟ್ಟು. ಆಗ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತ, ಪತ್ರಿಕೆಗಳಿಗೆ ವಿಮರ್ಶೆ ಬರೆಯುತ್ತ, ಸಂಸ್ಕೃತಿಯ ಅವನತಿಯ ಬಗ್ಗೆ ಬಹಳ ಚಿಂತೆ ಮಾಡುತ್ತಿದ್ದ ಕಾಲ. 1995ರ ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ ಸಿಟ್ಟು ಬಂದು ಯಂತ್ರದ ವೈರು ಕಿತ್ತು, ಎಲ್ಲವನ್ನೂ ಹಳೇ ಪಂಚೆಯಲ್ಲಿ ಗಂಟುಕಟ್ಟಿ ಅಟ್ಟದ ಟ್ರಂಕಿಗೆ ಹಾಕಿ ಬೀಗ ಜಡಿದೆ. "ಓದಿ ಮುಗಿಸು, ಆಮೇಲೆ ಕೊಡ್ತೇನೆ" ಎಂದೆ. ಅವನ ಓದೂ ಮುಗಿಯಿತು, ಕೆಲಸವೂ ಸಿಕ್ಕಿತು, ಮದುವೆಯೂ ಆಯಿತು. ನಾನು ಕೊಡಲಿಲ್ಲ, ಅವನು ಕೇಳಲಿಲ್ಲ.

ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಮುಂದೆ ನಾನು ಬರೆಯಲಿರುವುದು ಒಂದು ಬಗೆಯ ಚಿತ್ರಕಲೆಯನ್ನು ಹೇಗೆ ನೋಡಬೇಕೆಂಬ ವಿಚಾರ. ವಿಮರ್ಶಕನಾಗಿ ಆ ಕಲೆಗೆ ನಾನು ಸಲ್ಲಿಸಿದ ಮೊದಲ ಸೇವೆ ಅದನ್ನು ನೋಡದೆಯೇ ಟ್ರಂಕಿಗೆ ಹಾಕಿದ್ದು.

ಶನಿವಾರ ಬಂದವನ ಕೈಯಲ್ಲಿ ಸೆಗಾ ಕಂಪನಿಯ ಮೆಗಾ ಡ್ರೈವ್ ಇತ್ತು. ಜಪಾನಿನಲ್ಲಿ 1988ರಲ್ಲಿ ಮಾರಾಟಕ್ಕೆ ಬಂದ ಆಟದ ಯಂತ್ರ. ಅಲ್ಲಿನದೇ ಹಳೆಯದೊಂದನ್ನು ಸ್ನೇಹಿತನಿಂದ ತರಿಸಿದ್ದನಂತೆ. ಮೊದಲು ಹಜಾರದ ತೆಳ್ಳನೆಯ ಟೀವಿಗೇ ಅದನ್ನು ಜೋಡಿಸಿ ತೋರಿಸಿದ. ಚಿತ್ರ ಬಂತು. ಆದರೆ ಅಂಚುಗಳೆಲ್ಲ ಕಲಸಿಹೋಗಿ, ಅಕ್ಕಪಕ್ಕಕ್ಕೆ ಎಳೆದು ಕುಳ್ಳಗಾಗಿತ್ತು. ಇಲ್ಲಿ ಗುಂಡಿ ಒತ್ತಿದರೆ ಅಲ್ಲಿನ ಪ್ರಾಣಿ ಒಂದು ಗಳಿಗೆ ಯೋಚಿಸಿ ಆಮೇಲೆ ಹಾರುತ್ತಿತ್ತು. "ಇದು ಕೆಟ್ಟ ಚಿತ್ರ ಅಲ್ಲ ಮಾವ, ತಪ್ಪು ಪರದೆ" ಎಂದ. ಈ ಮಾತು ನನ್ನ ಕಿವಿಯಲ್ಲಿ ಉಳಿಯಿತು.

ಇಬ್ಬರೂ ಸೇರಿ ಹಳೇ ಟೀವಿಯನ್ನು ಅಡಿಕೆ ಚೀಲಗಳಿಂದ ಬಿಡಿಸಿ ಜಗಲಿಗೆ ತಂದೆವು. ಧೂಳು ಒರೆಸಿ ಸ್ವಿಚ್ ಹಾಕಿದರೆ, ಆಶ್ಚರ್ಯ, ಟ್ಯೂಬು ಬೆಳಗಿತು. ಯಂತ್ರದ ಹಳದಿ ಪಿನ್ನು ಸಿಕ್ಕಿಸಿದ. ಚಿತ್ರ ನಿಂತಿತು, ಆದರೆ ಬಣ್ಣ ಬರಲಿಲ್ಲ. ನೀಲಿ ಮೈಯ ಮುಳ್ಳುಹಂದಿಯಂಥ ಪ್ರಾಣಿ ಕಪ್ಪುಬಿಳುಪಿನ ಗುಡ್ಡಗಳ ಮೇಲೆ ಓಡಿತು. ಕಾರಣ ಸರಳ. ನಮ್ಮ ದೇಶ ಪಾಲ್ ಪದ್ಧತಿಯದು, ಜಪಾನು ಎನ್‌ಟಿಎಸ್‌ಸಿ ಪದ್ಧತಿಯದು. ಬಣ್ಣದ ಸುದ್ದಿಯನ್ನು ಹೊತ್ತು ತರುವ ಅಲೆ ನಮ್ಮಲ್ಲಿ 4.43 ಮೆಗಾಹರ್ಟ್ಜ್, ಅವರಲ್ಲಿ 3.58. ನಮ್ಮ ಟೀವಿಗೆ ಆ ಭಾಷೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಭಾಷೆಯಲ್ಲಿ ಅರ್ಥವಾದಷ್ಟನ್ನು, ಅಂದರೆ ಬೆಳಕು ಕತ್ತಲೆಗಳನ್ನು ಮಾತ್ರ, ಅದು ಪ್ರಾಮಾಣಿಕವಾಗಿ ತೋರಿಸಿತು. ಅನೇಕ ಅನುವಾದಗಳು ಇಷ್ಟೂ ಪ್ರಾಮಾಣಿಕವಾಗಿರುವುದಿಲ್ಲ.

ಹಾಗಾದರೆ ಸರಿಯಾದ ಪರದೆ ಯಾವುದು? ಅದನ್ನು ಹುಡುಕಲು ನಾನೂ ಅವನ ಜತೆ ಬೆಂಗಳೂರಿಗೆ ಹೊರಟೆ. ನಿವೃತ್ತನಿಗೆ ಬೇರೆ ಕೆಲಸ ಇರಲಿಲ್ಲವೆಂಬುದು ಒಂದು ಕಾರಣ, ಅಟ್ಟದ ಟ್ರಂಕು ಇನ್ನೊಂದು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವನು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಹೇಳುತ್ತೇನೆ. ಇದಿಲ್ಲದೆ ಮುಂದಿನ ಮಾತು ಅರ್ಥವಾಗದು.

ಹಳೇ ಟೀವಿಯ ಚಿತ್ರ ಎಂಬುದು ಒಂದು ನಿಂತ ವಸ್ತುವಲ್ಲ. ಟ್ಯೂಬಿನ ಹಿಂದಿನಿಂದ ಹೊರಟ ಎಲೆಕ್ಟ್ರಾನ್ ಧಾರೆ ಗಾಜಿನ ಒಳಮೈಗೆ ಬಳಿದ ರಂಜಕದ ಪುಡಿಯ ಮೇಲೆ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಗೆರೆ ಎಳೆಯುತ್ತ ಹೋಗುತ್ತದೆ. ಧಾರೆ ಮುಟ್ಟಿದ ಕಡೆ ಬೆಳಕು, ಮುಂದೆ ಹೋದೊಡನೆ ಕತ್ತಲೆ. ನಾವು ಚಿತ್ರ ಎಂದುಕೊಳ್ಳುವುದು ಹೀಗೆ ಹುಟ್ಟಿ ಸಾಯುವ ಗೆರೆಗಳನ್ನು. ಜಪಾನು, ಅಮೆರಿಕಗಳ ಪದ್ಧತಿಯಲ್ಲಿ ಒಂದು ಪೂರ್ಣ ಚಿತ್ರಕ್ಕೆ 525 ಗೆರೆ. ಒಮ್ಮೆ ಬೆಸ ಗೆರೆಗಳು, ಮತ್ತೊಮ್ಮೆ ಸಮ ಗೆರೆಗಳು, ಹೀಗೆ ಸೆಕೆಂಡಿಗೆ 60 ಸಲ. ಆಟದ ಯಂತ್ರಗಳು ಇಲ್ಲಿ ಒಂದು ಜಾಣತನ ಮಾಡಿದವು. ಪ್ರತಿ ಸಲವೂ ಅವೇ ಗೆರೆಗಳ ಮೇಲೆಯೇ ಬರೆದವು. ನಡುವಿನ ಗೆರೆಗಳು ಖಾಲಿ ಉಳಿದವು. ಮೆಗಾ ಡ್ರೈವ್‌ನ ಚಿತ್ರದಲ್ಲಿ ಎತ್ತರಕ್ಕೆ 224 ಗೆರೆ, ಅಗಲಕ್ಕೆ 320 ಚುಕ್ಕಿ. ಒಂದು ಗೆರೆ ಬೆಳಕು, ಅದರ ಕೆಳಗೆ ಒಂದು ತೆಳುವಾದ ಕತ್ತಲು. ಹತ್ತಿರದಿಂದ ನೋಡಿದರೆ ಸಣ್ಣ ದಾರದ ಕೈಮಗ್ಗದ ಬಟ್ಟೆಯ ಹಾಗೆ. ಆ ಕತ್ತಲಿನ ಎಳೆಗಳೇ ಚಿತ್ರಕ್ಕೆ ಮೈಕಟ್ಟು ಕೊಡುತ್ತವೆ.

ಈಗಿನ ಚಪ್ಪಟೆ ಟೀವಿಗೆ ಈ ಜಾಣತನ ತಿಳಿಯುವುದಿಲ್ಲ. ಬಹಳಷ್ಟು ಟೀವಿಗಳು ಇದನ್ನು ಬೆಸ ಸಮ ಗೆರೆಗಳ ಸಾಮಾನ್ಯ ಚಿತ್ರವೆಂದೇ ಭ್ರಮಿಸಿ ಎರಡನ್ನು ಹೆಣೆಯಲು ಹೋಗುತ್ತವೆ. ಒಂದು ಚಿತ್ರ ಬಿಟ್ಟು ಒಂದರಲ್ಲಿ ಕಾಣಿಸಿಕೊಂಡು ಮಿನುಗಬೇಕಾದ ನೆರಳು ಆಗ ಬಾಚಣಿಗೆಯ ಹಲ್ಲುಗಳಾಗುತ್ತದೆ, ಇಲ್ಲವೆ ಮಾಯವೇ ಆಗುತ್ತದೆ. ಹಿಗ್ಗಿಸಿ, ಹೆಣೆದು, ನುಣುಪು ಮಾಡುವ ಹೊತ್ತಿಗೆ ಸಮಯವೂ ಕಳೆದಿರುತ್ತದೆ. ಗುಂಡಿ ಒತ್ತಿದ ಮೇಲೆ ಪ್ರಾಣಿ ಯೋಚಿಸುತ್ತಿದ್ದುದು ಇದಕ್ಕೇ.

ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಮಹಡಿ ಮೇಲಿನ ಅಂಗಡಿಯಲ್ಲಿ ಮೂರು ಟ್ಯೂಬುಗಳು ನಮಗಾಗಿ ಕಾದಿದ್ದವು. ಅಂಗಡಿಯಾತ ವಯಸ್ಸಾದವರು. ನಮ್ಮನ್ನು ನೋಡಿ "ಇದನ್ನೆಲ್ಲ ಕೇಳಿಕೊಂಡು ಈಗ ಹುಡುಗರು ಬರ್ತಾರೆ ಸಾರ್, ನಿಮ್ಮ ವಯಸ್ಸಿನವರು ನೀವೇ ಮೊದಲು" ಎಂದರು. ಇದೇ ಬೆಂಗಳೂರಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಒಂದು ಕಾಲಕ್ಕೆ ಕಪ್ಪುಬಿಳುಪು ಪಿಕ್ಚರ್ ಟ್ಯೂಬುಗಳನ್ನೇ ತಯಾರಿಸುತ್ತಿತ್ತು. ಈಗ ಉಳಿದಿರುವುದನ್ನು ಹುಡುಕಿ ಮಹಡಿ ಹತ್ತಬೇಕು.

ಮೊದಲನೆಯದು ಕಂಪ್ಯೂಟರಿನ 17 ಇಂಚಿನ ಮಾನಿಟರು. ನೋಡಲು ಮೂರರಲ್ಲಿ ಅದೇ ಹೊಸದು, ಅಗ್ಗ ಕೂಡ. ಹಳೇ ಆಟಕ್ಕೆ ಹಳೇ ಮಾನಿಟರು ಸಾಕೆಂದುಕೊಳ್ಳುವವರು ಮೊದಲು ಎಡವುವುದು ಇಲ್ಲಿಯೇ ಅಂತೆ. ಆಟದ ಯಂತ್ರ ಸೆಕೆಂಡಿಗೆ ಸುಮಾರು 15,700 ಗೆರೆ ಬರೆಯುತ್ತದೆ. ಕಂಪ್ಯೂಟರ್ ಮಾನಿಟರಿಗೆ ಕಡಿಮೆಯೆಂದರೂ 31,500ರ ಹತ್ತಿರ ಬೇಕು. ನಡುವೆ ಗೆರೆಯನ್ನು ಇಮ್ಮಡಿ ಮಾಡುವ ಪೆಟ್ಟಿಗೆ ಇಡದೆ ಅದು ಬೆಳಗುವುದೇ ಇಲ್ಲ. ಸೆಗಾದ್ದೇ ಕೊನೆಯ ಯಂತ್ರ, 1998ರ ಡ್ರೀಮ್‌ಕಾಸ್ಟ್‌ಗಾದರೆ ಈ ಮಾನಿಟರು ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಅದು ಕಂಪ್ಯೂಟರಿನ ವೇಗದಲ್ಲೇ ಬರೆಯಬಲ್ಲದು. 1980ರ ದಶಕದ ಕಂಪ್ಯೂಟರುಗಳ ಜತೆ ಬಂದ ಕೆಲವು ಮಾನಿಟರುಗಳೂ, ಉದಾಹರಣೆಗೆ ಕಮೊಡೋರ್ 1084, ನಿಧಾನದ ಗೆರೆಯನ್ನೇ ಬಯಸುವಂಥವು. ಅವು ಎಸ್.ಪಿ. ರೋಡಿನಲ್ಲಿ ಸಿಗಲಿಲ್ಲ.

ಎರಡನೆಯದು ಒಂದು ಸ್ಟುಡಿಯೋ ಮುಚ್ಚಿದಾಗ ಹೊರಬಿದ್ದ 14 ಇಂಚಿನ ಸೋನಿ ಮಾನಿಟರು. ಲೋಹದ ಮೈ, ಬೆನ್ನಿನ ತುಂಬ ಸಾಕೆಟ್ಟುಗಳು. ಒಳಗಿರುವುದು ಟ್ರಿನಿಟ್ರಾನ್ ಟ್ಯೂಬು. ಸಾಮಾನ್ಯ ಟ್ಯೂಬಿನಲ್ಲಿ ರಂಜಕದ ಮುಂದೆ ತೂತುಗಳ ತಗಡು ಇದ್ದರೆ, ಸೋನಿಯವರು 1968ರಲ್ಲಿ ತಂದ ಈ ಟ್ಯೂಬಿನಲ್ಲಿ ಮೇಲಿಂದ ಕೆಳಕ್ಕೆ ಬಿಗಿದ ತೆಳು ಪಟ್ಟಿಗಳ ಸಾಲು. ಅವು ನಡುಗದಂತೆ ಅಡ್ಡಲಾಗಿ ಒಂದು ತಂತಿ. ಬಿಳಿ ಪರದೆಯಲ್ಲಿ ಕೂದಲೆಳೆಯಷ್ಟು ನೆರಳಾಗಿ ಅದು ಕಾಣುತ್ತದೆ. ದೋಷವೆಂದು ತಿಳಿದು ಅಂಗಡಿಯವರಿಗೆ ಹೇಳಿದೆ. ಅವರೂ ಅಳಿಯನೂ ಒಟ್ಟಿಗೆ ನಕ್ಕರು.

ಮೂರನೆಯದು ಎಲ್ಲ ಪದ್ಧತಿಯ ಬಣ್ಣವನ್ನೂ ಬಲ್ಲ, ಮನೆಬಳಕೆಯ 21 ಇಂಚಿನ ಟೀವಿ. ಅದಕ್ಕಿರುವುದು ಹಳದಿ ಪಿನ್ನಿನ ದಾರಿ ಒಂದೇ.

ಅಳಿಯ ಪರೀಕ್ಷೆಯ ಚಿತ್ರಗಳಿರುವ ಕ್ಯಾಸೆಟ್ಟು ತಂದಿದ್ದ. ಹುಡುಗಿ ನೋಡಲು ಹೋದ ಹಿರಿಯರ ಹಾಗೆ ನಾನು ಪಕ್ಕದಲ್ಲಿ ಕೂತು ನೋಡಿದೆ. ಮೊದಲು ಪೂರಾ ಬಿಳಿ ಪರದೆ. ಯಾವುದೋ ವಾಹಿನಿಯ ಗುರುತು ಗಾಜಿನಲ್ಲಿ ಸುಟ್ಟು ಉಳಿದಿದೆಯೇ ಎಂದು ತಿಳಿಯಲು. ಆಮೇಲೆ ಪೂರಾ ಕೆಂಪು. ಮೂಲೆಗಳಲ್ಲಿ ನೇರಳೆಯ ಕಲೆ ಇದ್ದರೆ ಆಯಸ್ಕಾಂತದ ಪ್ರಭಾವ ಇಳಿಸಬೇಕು. ಆಮೇಲೆ ಚೌಕುಳಿ. ಗೆರೆಗಳು ಅಂಚಿನಲ್ಲಿ ಕೆಂಪು, ಹಸಿರು, ನೀಲಿಯಾಗಿ ಬೇರೆಬೇರೆ ಒಡೆದರೆ ಮೂರು ಧಾರೆಗಳು ಒಂದೇ ಕಡೆ ಕೂಡುತ್ತಿಲ್ಲವೆಂದು ಅರ್ಥ. ಕೊನೆಗೆ ಕಪ್ಪು. ಕಪ್ಪು ಕಪ್ಪಾಗಿಯೇ ಇರಬೇಕು, ಬೂದಿಯಾಗಬಾರದು. "ಕಿವಿಗೆ ಸಣ್ಣಗೆ ಕುಯ್ ಅಂತ ಕೇಳುತ್ತದಾ ಮಾವ?" ಎಂದ. ಸೆಕೆಂಡಿಗೆ 15,700 ಗೆರೆಯ ಆ ಸದ್ದು ಎಳೆಯ ಕಿವಿಗಳಿಗೆ ಮಾತ್ರ ಕೇಳಿಸುವಂಥದು. ನನಗೆ ಏನೂ ಕೇಳಿಸಲಿಲ್ಲ. 1995ರಲ್ಲಿ ಅವನಿಗೆ ಅದು ಪ್ರತಿದಿನ ಕೇಳಿಸುತ್ತಿತ್ತಂತೆ. ಆಚೆ ಕೋಣೆಯಲ್ಲಿದ್ದರೂ ಟೀವಿ ಹಚ್ಚಿದ್ದು ಗೊತ್ತಾಗುತ್ತಿತ್ತಂತೆ.

ಇಷ್ಟಾದ ಮೇಲೆ ಸ್ಟುಡಿಯೋ ಮಾನಿಟರಿಗೆ ಆಟ ಹಾಕಿದ. 1991ರ 'ಸೋನಿಕ್ ದಿ ಹೆಜ್‌ಹಾಗ್', ಅದರ ಮೊದಲ ಭಾಗವಾದ ಗ್ರೀನ್ ಹಿಲ್. ಕೆಂಪು, ಹಸಿರು, ನೀಲಿಗಳು ಬೇರೆಬೇರೆ ತಂತಿಗಳಲ್ಲಿ ಹರಿಯುವ ಆರ್‌ಜಿಬಿ ಜೋಡಣೆ. ಬಣ್ಣಗಳನ್ನು ಒಂದು ತಂತಿಗೆ ಕಟ್ಟುವುದೂ ಇಲ್ಲ, ಬಿಚ್ಚುವುದೂ ಇಲ್ಲ. ಹಾಗಾಗಿ ಪಾಲ್, ಎನ್‌ಟಿಎಸ್‌ಸಿ ಬಣ್ಣಗಳ ಜಗಳವೇ ಇಲ್ಲ. ನಾನು ಬೆರಗಾದೆ. ಚೌಕುಳಿಯ ಮಣ್ಣಿನ ದಿಬ್ಬ, ತಾಳೆಮರ, ಹಿಂದೆ ಹೊಳೆಯುವ ನೀರು. ಒಂದೊಂದು ಚುಕ್ಕಿಯೂ ತೊಳೆದು ಇಟ್ಟ ಹಾಗಿತ್ತು. ಅಳಿಯ ಗೆದ್ದ ಮುಖದಲ್ಲಿ ನನ್ನ ಕಡೆ ನೋಡಿದ.

ಆಗ ಜಲಪಾತ ಬಂತು. ದಿಬ್ಬದ ಅಂಚಿನಿಂದ ನೀರು ಬೀಳುತ್ತದೆ, ಅದರ ಹಿಂದೆ ನೀಲಿ ಪ್ರಾಣಿ ಓಡಿಹೋಗುತ್ತದೆ. ಆದರೆ ನನಗೆ ಕಂಡದ್ದು ನೀರಲ್ಲ, ಕಿಟಕಿಯ ಸರಳುಗಳು. ಒಂದು ನೀಲಿ ಗೆರೆ, ಒಂದು ಖಾಲಿ, ಮತ್ತೊಂದು ನೀಲಿ ಗೆರೆ. ಪ್ರಾಣಿ ಸರಳುಗಳ ಹಿಂದೆ ಓಡಿತು. "ಇದೇನು, ಜೈಲೇ?" ಎಂದೆ. ಅವನು ಮಾತಾಡದೆ ಆರ್‌ಜಿಬಿ ತಂತಿಗಳನ್ನು ಬಿಚ್ಚಿ, ಅದೇ ಮಾನಿಟರಿನ ಇನ್ನೊಂದು ಸಾಕೆಟ್ಟಿಗೆ ಸಣ್ಣ ಅಡಾಪ್ಟರ್ ಹಾಕಿ ಹಳದಿ ಪಿನ್ನು ಸಿಕ್ಕಿಸಿದ. ಅಕ್ಷರಗಳ ಅಂಚು ಕೊಂಚ ಮಸುಕಾಯಿತು, ಅಲ್ಲಲ್ಲಿ ಇಲ್ಲದ ಬಣ್ಣದ ಛಾಯೆ ಹರಿದಾಡಿತು. ಆದರೆ ಜಲಪಾತದಲ್ಲಿ ನೀರು ಬಿತ್ತು. ತೆಳ್ಳನೆಯ, ಹಿಂದಿನದನ್ನು ತೋರಿಸುವ ನೀರು. ಪ್ರಾಣಿ ಅದರ ಹಿಂದೆ ಒದ್ದೆಯಾಗಿ ಓಡಿತು.

ಮೆಗಾ ಡ್ರೈವ್‌ಗೆ ತೋರಿಸಬಲ್ಲ ಬಣ್ಣಗಳು ಒಟ್ಟು 512. ಒಂದು ದೃಶ್ಯಕ್ಕೆ ಸಿಗುವುದು ಸುಮಾರು 60. ಒಂದು ಬಣ್ಣದ ಮೂಲಕ ಇನ್ನೊಂದನ್ನು ಹಾಯಿಸಿ ತೋರಿಸುವ ಸೌಕರ್ಯ ಅದಕ್ಕೆ ಇಲ್ಲ. ಇಂಥ ಬಡತನದಲ್ಲಿ ಚಿತ್ರಕಾರರು ಗೆರೆ ಬಿಟ್ಟು ಗೆರೆ ಬಳಿದರು. ಬೆಳಕೂ ಬಣ್ಣವೂ ಒಂದೇ ತಂತಿಯಲ್ಲಿ ನುಗ್ಗುವ ಹಳದಿ ಪಿನ್ನಿನ ದಾರಿಯಲ್ಲಿ ಇಷ್ಟು ಸಣ್ಣ ಗೆರೆಗಳು ಬೇರೆಬೇರೆ ಉಳಿಯಲಾರದೆ ಪಕ್ಕಕ್ಕೆ ಹರಡಿ ಬೆರೆಯುತ್ತವೆ. ಯಂತ್ರದಲ್ಲಿ ಇಲ್ಲದ ನೀರು ತಂತಿಯಲ್ಲಿ ಹುಟ್ಟಿ ಗಾಜಿನಲ್ಲಿ ಬೀಳುತ್ತದೆ. ಇಂಜಿನಿಯರರ ಲೆಕ್ಕದಲ್ಲಿ ಇದು ದೋಷ. ಚಿತ್ರಕಾರರ ಲೆಕ್ಕದಲ್ಲಿ ಅದೊಂದು ಕುಂಚ.

ನನಗೆ ಆ ಕ್ಷಣ ನೆನಪಾದದ್ದು ಯಕ್ಷಗಾನದ ಚೌಕಿ. ಹುಡುಗನಾಗಿದ್ದಾಗ ಬಣ್ಣದ ವೇಷದವರು ಚಿಟ್ಟಿ ಇಡುವುದನ್ನು ಹತ್ತಿರ ಕೂತು ನೋಡಿದ್ದೇನೆ. ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಸಾಲುಸಾಲಾಗಿ ಇಡುವ ಬಿಳಿಯ ಮುಳ್ಳುಗಳು. ಹತ್ತಿರದಿಂದ ಅದು ಹಿಟ್ಟು. ಚೌಕಿಯಿಂದ ರಂಗಸ್ಥಳಕ್ಕೆ ಹೋಗಿ ಪಂಜಿನದೋ ಗ್ಯಾಸ್‌ಲೈಟಿನದೋ ಬೆಳಕು ಅದರ ಮೇಲೆ ಬಿದ್ದಾಗ ರಾಕ್ಷಸ. ಹತ್ತಿರ ಹೋಗಿ, ಹೆಚ್ಚು ಬೆಳಕು ಹಾಕಿ, ಹಿಟ್ಟಿನ ಒಂದೊಂದು ಕಣವನ್ನೂ ಕಂಡವನು ವೇಷವನ್ನು ಹೆಚ್ಚು ಕಂಡ ಹಾಗಾಯಿತೇ? ಸ್ಪಷ್ಟತೆಯೇ ಸತ್ಯವೆಂದು ನಂಬಿದ ಓದನ್ನು ನಾವು ಸಾಹಿತ್ಯದಲ್ಲಿಯೂ ಕಂಡಿದ್ದೇವೆ. ಪ್ರತಿ ಶಬ್ದದ ವ್ಯುತ್ಪತ್ತಿ ಬಿಡಿಸಿಟ್ಟು, ಪದ್ಯ ಎಲ್ಲಿ ಹೋಯಿತೆಂದು ಆಮೇಲೆ ಹುಡುಕುವ ಓದು ಅದು.

ಆದರೆ ಇಷ್ಟಕ್ಕೇ ಹಳದಿ ಪಿನ್ನಿಗೆ ಹಾರ ಹಾಕಿಬಿಟ್ಟರೆ ಅದೂ ಅವಸರದ ವಿಮರ್ಶೆ. ಅಳಿಯ ಒಪ್ಪಲಿಲ್ಲ. ಅವನ ವಾದದಲ್ಲಿ ಹುರುಳಿತ್ತು. "ಫ್ರಾನ್ಸಿನಲ್ಲಿ ಮೆಗಾ ಡ್ರೈವ್ ಬಂದದ್ದೇ ಆರ್‌ಜಿಬಿ ತಂತಿಯ ಜತೆ ಮಾವ. ಅಲ್ಲಿನ ಮಕ್ಕಳು ಮೊದಲ ದಿನದಿಂದ ಸರಳುಗಳನ್ನೇ ನೋಡಿದರು. ಅವರು ನೋಡಿದ್ದು ಸುಳ್ಳೇ?" ಎಂದ. ಯುರೋಪಿನ ಅನೇಕ ದೇಶಗಳಲ್ಲಿ ಇನ್ನೂ ಒಂದು ಸಂಗತಿ. ಸೆಕೆಂಡಿಗೆ 60 ಚಿತ್ರವೆಂದು ಬರೆದ ಆಟಗಳನ್ನು ಅಲ್ಲಿನ 50 ಚಿತ್ರದ ಟೀವಿಗಳಿಗೆ ಹಾಗೆಯೇ ಇಳಿಸಿದ್ದರಿಂದ ಎಷ್ಟೋ ಆಟಗಳು ಆರರಲ್ಲಿ ಒಂದು ಪಾಲು ನಿಧಾನವಾಗಿ ಓಡಿದವು, ಹಾಡೂ ನಿಧಾನವಾಯಿತು. ಅವರ ಬಾಲ್ಯದ ನೆನಪಿಗೆ ಆ ನಿಧಾನವೇ ಮೂಲ. ಹಾಗಾದರೆ ಮೂಲಪಾಠ ಒಂದೇ ಎಂದು ಹಟ ಹಿಡಿಯುವಂತಿಲ್ಲ. ಹಸ್ತಪ್ರತಿಗಳನ್ನು ಹೋಲಿಸಿ ನೋಡಿದವರಿಗೆ ಇದು ಹೊಸ ಮಾತೇನಲ್ಲ.

ಎರಡನೆಯ ವಾದಕ್ಕೆ ಅವನು ಬೇರೆ ಯಂತ್ರವನ್ನೇ ಹೊರತೆಗೆದ. 1990ರಲ್ಲಿ ಬಂದ ನಿಂಟೆಂಡೊದ ಸೂಪರ್ ಫ್ಯಾಮಿಕಾಮ್. ಅದರ ಬಣ್ಣದ ಪೆಟ್ಟಿಗೆಯಲ್ಲಿ 32,768 ಬಣ್ಣ. ಒಂದು ಪದರದ ಮೇಲೆ ಇನ್ನೊಂದನ್ನು ತೆಳುವಾಗಿ ಬೆರೆಸುವ ಶಕ್ತಿ ಯಂತ್ರಕ್ಕೇ ಇದೆ. 1991ರ ಜೆಲ್ಡಾ ಆಟದಲ್ಲಿ ಕಾಡಿನ ಮೇಲೆ ಕವಿಯುವ ಮಂಜಿಗೆ ತಂತಿಯ ಸಹಾಯ ಬೇಕಿಲ್ಲ. ಆರ್‌ಜಿಬಿಯಲ್ಲಿ ಆ ಮಂಜು ಮಂಜಾಗಿಯೇ ಉಳಿದು, ಎಲೆಗಳು ಮಾತ್ರ ಚುರುಕಾದವು. ಇಲ್ಲಿ ಹಳದಿ ಪಿನ್ನು ಸುಮ್ಮನೆ ಮಸುಕು. ಆದರೂ ಇಲ್ಲಿಯೂ ಗಾಜಿನ ಕೆಲಸವೊಂದಿದೆ. ಈ ಯಂತ್ರದ ಒಂದು ಗೆರೆಯಲ್ಲಿ 256 ಚುಕ್ಕಿಗಳು. ಅವು 4:3ರ ಗಾಜಿನ ಅಗಲಕ್ಕೆ ಹರಡಿದಾಗ ಪ್ರತಿ ಚುಕ್ಕಿಯೂ ಎತ್ತರಕ್ಕಿಂತ ಸ್ವಲ್ಪ ಅಗಲವಾಗುತ್ತದೆ. ಕಂಪ್ಯೂಟರಿನಲ್ಲಿ ಅವನ್ನೇ ಸರಿಚೌಕವಾಗಿ ಜೋಡಿಸಿದರೆ ಇಡೀ ಲೋಕವೇ ಬಡಕಲಾಗುತ್ತದೆ.

ಮೂರನೆಯ ಉದಾಹರಣೆ ನಾನೇ ಕೇಳಿ ಹಾಕಿಸಿದ್ದು. ಆ ಆಟದ ಹೆಸರನ್ನು ಬಸ್ಸಿನಲ್ಲಿ ಅವನ ಬಾಯಿಂದಲೇ ಕೇಳಿದ್ದೆ. ಪ್ಲೇಸ್ಟೇಷನ್ನಿಗೆ 1997ರಲ್ಲಿ ಕೊನಾಮಿ ಕಂಪನಿ ತಂದ, ಡ್ರಾಕುಲನ ಕಥೆಯ 'ಸಿಂಫನಿ ಆಫ್ ದಿ ನೈಟ್'. ಅದರಲ್ಲಿ ಡ್ರಾಕುಲ ಮಾತಾಡುವಾಗ ಮೂಲೆಯಲ್ಲಿ ಅವನ ಮುಖ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಕಣ್ಣಿನ ಜಾಗದಲ್ಲಿ ಒಂದು ಕೆಂಪು ಚೌಕ, ಕುಂಕುಮ ಚೆಲ್ಲಿದ ಹಾಗೆ. ಟ್ಯೂಬಿನಲ್ಲಿ ಆ ಚೌಕದ ಅಂಚು ಕರಗಿ, ಕೆಂಪು ಪಕ್ಕಕ್ಕೆ ಸೋರಿ, ಒಬ್ಬ ಕ್ರೂರಿಯ ಕಣ್ಣು ಹೊಳೆಯಿತು. ನೂರಾರು ಚುಕ್ಕಿಗಳ ಚಿತ್ರದಲ್ಲಿ ಒಂದು ಚುಕ್ಕಿಗೆ ಇಷ್ಟು ಹೊಣೆ ಹೊರಿಸಿದವರು ತಮ್ಮ ಗಾಜನ್ನು ನಂಬಿದ್ದರು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಆ ಸಂಜೆ ಅಂಗಡಿಯಲ್ಲಿ ಕೂತು ನಾನು ಮಾಡಿಕೊಂಡ ತೀರ್ಮಾನ ಇಷ್ಟು. ತೊಗಲುಗೊಂಬೆಯನ್ನು ಗಾಜಿನ ಕಪಾಟಿನಲ್ಲಿಟ್ಟು ಮೇಲಿಂದ ಟ್ಯೂಬ್‌ಲೈಟು ಹಾಕಿದರೆ ನಮಗೆ ಕಾಣುವುದು ಚಿತ್ರ ಬರೆದ ತೊಗಲು. ಹಿಂದೆ ದೀಪವೂ ಮುಂದೆ ಪರದೆಯೂ ಇದ್ದಾಗಲೇ ಗೊಂಬೆ. ಈ ಆಟಗಳ ಕ್ಯಾಸೆಟ್ಟಿನಲ್ಲಿರುವುದು ತೊಗಲು ಮಾತ್ರ. ಚಿತ್ರದ ಅರ್ಧ ಅಲ್ಲಿದೆ, ಇನ್ನರ್ಧ ಗಾಜಿನಲ್ಲಿದೆ. ಆದ್ದರಿಂದ ಒಳ್ಳೆಯ ಮಾನಿಟರು ಎಂದರೆ ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುವ ಮಾನಿಟರಲ್ಲ. ಆ ಕೃತಿ ಯಾವ ಕಣ್ಣನ್ನು ನಂಬಿ ಹುಟ್ಟಿತೋ ಆ ಕಣ್ಣನ್ನು ನಮಗೆ ಕೊಡುವ ಮಾನಿಟರು. ಸೋನಿಕ್‌ಗೆ ಹಳದಿ ಪಿನ್ನು, ಜೆಲ್ಡಾಗೆ ಆರ್‌ಜಿಬಿ. ಎರಡು ದಾರಿಯೂ ಇರುವ ಸ್ಟುಡಿಯೋ ಮಾನಿಟರನ್ನೇ ಕೊಂಡೆವು. ದೊಡ್ಡ ಟೀವಿ ಅಗ್ಗವಾಗಿತ್ತು, ಆದರೆ ಅದಕ್ಕೆ ಒಂದೇ ಮತ. ತಂತಿ ಬದಲಿಸುವ ಸ್ವಾತಂತ್ರ್ಯಕ್ಕೆ ನಾವು ಹೆಚ್ಚಿನ ಹಣ ಕೊಟ್ಟೆವು.

ಈಗಿನ ಪರದೆಗಳ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯ. ಹಳೇ ಟ್ಯೂಬಿನ ಗೆರೆ, ಹೊಳಪು, ಹರಡುವಿಕೆಗಳನ್ನು ಲೆಕ್ಕ ಹಾಕಿ 4ಕೆ ಪರದೆಯ ಮೇಲೆ ಬಿಡಿಸುವ ತಂತ್ರಗಳು ಬಂದಿವೆ. ಅಳಿಯ ಅದನ್ನೂ ತೋರಿಸಿದ. ಚೆನ್ನಾಗಿಯೇ ಇತ್ತು. ಜಲಪಾತದಲ್ಲಿ ನೀರೂ ಬಿತ್ತು. ಮುಂದೆ ಇದೇ ಗತಿ ಎಂಬುದೂ ಸರಿ. ಏಕೆಂದರೆ ಟ್ಯೂಬು ನೋಡಿದಷ್ಟೂ ಸವೆಯುವ ವಸ್ತು. ರಂಜಕ ಮಂಕಾಗುತ್ತದೆ, ಧಾರೆ ಕ್ಷೀಣಿಸುತ್ತದೆ. ಗಾಜಿನಲ್ಲಿ ಸೀಸ ಇರುವುದರಿಂದ ಕಂಡಕಂಡಲ್ಲಿ ಒಡೆದು ಎಸೆಯುವಂತೆಯೂ ಇಲ್ಲ. ಮ್ಯೂಸಿಯಂ ಒಂದು ಈ ಕಲೆಯನ್ನು ಕಾಪಾಡುತ್ತೇನೆಂದು ಹೊರಟರೆ ಕ್ಯಾಸೆಟ್ಟಿನೊಳಗಿನ ಅಂಕಿಗಳನ್ನು ಶಾಶ್ವತವಾಗಿ ಉಳಿಸಬಹುದು, ಗಾಜನ್ನು ಉಳಿಸಲಾರದು. ಆದರೆ ಒಳ್ಳೆಯ ಅನುವಾದ ಮಾಡಲು ಮೂಲವನ್ನು ಬಲ್ಲ ಒಬ್ಬನಾದರೂ ಇರಬೇಕಲ್ಲ? ಟ್ಯೂಬಿನಲ್ಲಿ ನೀರು ಬೀಳುವುದನ್ನು ಕಂಡ ಕಣ್ಣುಗಳು ಇರುವಾಗಲೇ ಆ ಲೆಕ್ಕಗಳನ್ನು ಸರಿಯೋ ತಪ್ಪೋ ಎಂದು ನೋಡಿಬಿಡಬೇಕು.

ಊರಿಗೆ ಬಂದ ಮೇಲೆ ನಾನು ಅಟ್ಟ ಹತ್ತಿದೆ. ಪಂಚೆಯ ಗಂಟು ಹಾಗೆಯೇ ಇತ್ತು. ನಮ್ಮೂರಿನ ಟೀವಿ ರಿಪೇರಿಯವರನ್ನು ಕರೆಸಿದೆ. ಮೂವತ್ತು ವರ್ಷ ಟ್ಯೂಬಿನ ಟೀವಿಗಳನ್ನೇ ಬಿಚ್ಚಿದ ಮನುಷ್ಯ. ಈಗ ಮೊಬೈಲ್ ಚಾರ್ಜರ್ ಮಾರುತ್ತಾರೆ. ಟೀವಿಯ ಹಿಂಬದಿ ಬಿಚ್ಚುವಾಗ "ನೀವು ದೂರ ನಿಲ್ಲಿ ಮೇಷ್ಟ್ರೇ, ಪ್ಲಗ್ ಕಿತ್ತಿದ್ದರೂ ಟ್ಯೂಬಿನೊಳಗೆ ಕರೆಂಟು ಕೂತಿರುತ್ತದೆ" ಎಂದರು. ಧೂಳು ತೆಗೆದು, ಫೋಕಸ್ ಕೂಡಿಸಿ, ಆಟದ ಯಂತ್ರಕ್ಕೆ ಹೊಸ ಅಡಾಪ್ಟರ್ ಕೊಟ್ಟು, ಕ್ಯಾಸೆಟ್ಟಿನ ಹಲ್ಲುಗಳನ್ನು ಉಜ್ಜಿದರು. ದುಡ್ಡು ಕೊಡಹೋದರೆ ಅರ್ಧ ವಾಪಸು ಮಾಡಿದರು. ಇಂಥ ಕೆಲಸಕ್ಕೆ ಯಾರಾದರೂ ಕರೆದು ಬಹಳ ವರ್ಷವಾಯಿತಂತೆ.

ದೀಪಾವಳಿಗೆ ಅಳಿಯ ಮಗಳನ್ನು ಕರೆದುಕೊಂಡು ಬಂದ. ಗಂಟನ್ನು ಅವನ ಮುಂದೆ ಇಟ್ಟು, "ತಗೋ ಮಾರಾಯ. ಓದು ಮುಗಿಯಿತಲ್ಲ" ಎಂದೆ. ಅವನು ಬಹಳ ಹೊತ್ತು ಗಂಟನ್ನು ಬಿಚ್ಚಲಿಲ್ಲ. ಆಮೇಲೆ "ಇಷ್ಟು ಬೇಗ ಕೊಟ್ಟಿರಲ್ಲ ಮಾವ" ಎಂದ. ನನ್ನ ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ.

ಯಂತ್ರವನ್ನು ಹಳೇ ಟೀವಿಗೆ ಜೋಡಿಸಿದೆವು. ನಮ್ಮ ದೇಶದ ಟೀವಿಗೆಂದೇ ಮಾರಿದ ಯಂತ್ರವಾದ್ದರಿಂದ ಬಣ್ಣ ಬಂತು. ಜಪಾನಿನ ಯಂತ್ರಕ್ಕೆ ಬೆಂಗಳೂರಿನವರೆಗೆ ಹೋಗಿ ಮಾನಿಟರು ಹುಡುಕಿದ ನಮಗೆ, ಈ ಯಂತ್ರದ ಮಾನಿಟರು ಅಡಿಕೆ ಚೀಲಗಳ ನಡುವೆಯೇ ಇತ್ತು. ಪರದೆಯಲ್ಲಿ ಹುಲ್ಲಿನಿಂದ ಬಾತುಕೋಳಿ ಹಾರಿತು. ನಿಂಟೆಂಡೊ 1984ರಲ್ಲಿ ತಂದ 'ಡಕ್ ಹಂಟ್'. ಅಳಿಯನ ಮಗಳು ಬಂದೂಕಿನ ಕುದುರೆ ಎಳೆದಳು. ಬಾತುಕೋಳಿ ಬಿತ್ತು.

ಎರಡು ಆಟ ಆದ ಮೇಲೆ ಅವಳಿಗೆ ಆಸೆಯಾಯಿತು. "ಅಜ್ಜ, ಹಜಾರದ ದೊಡ್ಡ ಟೀವಿಗೆ ಹಾಕಿ" ಎಂದಳು. ಹಾಕಿದೆವು. ಬಾತುಕೋಳಿ ದೊಡ್ಡದಾಗಿಯೇ ಹಾರಿತು. ಹತ್ತು ಸಲ ಗುಂಡು ಹೊಡೆದರೂ ಬೀಳಲಿಲ್ಲ. ಆ ಬಂದೂಕು ಗುಂಡು ಬಿಡುವುದಿಲ್ಲ, ನೋಡುತ್ತದೆ. ಕುದುರೆ ಎಳೆದಾಗ ಪರದೆ ಕ್ಷಣಮಾತ್ರ ಕಪ್ಪಾಗಿ, ಕೋಳಿಯಿರುವ ಜಾಗ ಮಾತ್ರ ಬಿಳಿಯಾಗುತ್ತದೆ. ಬಂದೂಕಿನ ಕಣ್ಣಿಗೆ ಆ ಬಿಳಿ ಕಂಡರೆ ಗುರಿ ತಾಗಿತೆಂದು ಲೆಕ್ಕ. ಹೊಸ ಟೀವಿ ಆ ಬಿಳಿಯನ್ನು ತೋರಿಸುವ ಹೊತ್ತಿಗೆ ಬಂದೂಕು ನೋಡುವುದನ್ನು ಬಿಟ್ಟಾಗಿರುತ್ತದೆ. ತಡವಾಗಿ ಬಂದ ಬೆಳಕನ್ನು ಅದು ಒಪ್ಪುವುದಿಲ್ಲ.

"ಇದು ಸರಿ ಇಲ್ಲ ಅಜ್ಜ, ಹಳೇ ಟೀವಿಯೇ ಚೆನ್ನ" ಎಂದು ಅವಳು ಬಂದೂಕು ಎತ್ತಿಕೊಂಡು ಹಿಂದಿನ ಕೋಣೆಗೆ ಓಡಿದಳು. ನಾನು ಹಪ್ಪಳದ ತಟ್ಟೆ ಬೇರೆ ಕಡೆ ಇಟ್ಟು, ಒಂದು ಅಡಿಕೆ ಚೀಲ ಸರಿಸಿ, ಅವಳ ಪಕ್ಕ ಕೂತೆ.